ಕಾಲ್ಚೆಂಡಾಟದ ಐದು ಸಾಮ್ಯಗಳು

ಕಣ್ಣಿಗೆ ಕಾಣುವ ಸಂಗತಿಯನ್ನು ಹಿಡಿದುಕೊಂಡು ಕಾಣದಿರುವ ಸಂಗತಿಯನ್ನು ತಿಳಿಸುವ ಕಥೆಗೆ ಸಾಮ್ಯವೆಂದು ಹೆಸರು. ಬಿತ್ತುವವನು, ಬಲೆ, ಹುಳಿಹಿಟ್ಟು, ತಪ್ಪಿಹೋದ ಕುರಿ, ಇವು ಸಾಮ್ಯಗಳಾಗಿ ನಿಂತದ್ದು ಯಾಕಂದರೆ ಕೇಳುವವರ ಹೊಲದಲ್ಲಿಯೂ ಅಡಿಗೆಮನೆಯಲ್ಲಿಯೂ ಅವು ದಿನಾಲು ಇದ್ದವು. ಈಗ ನಮ್ಮ ಗ್ರಾಮಗಳಲ್ಲಿ ಬಿಸಿಲು ಇಳಿದ ಕೂಡಲೆ ಹುಡುಗರು ಕೊಯ್ಲಾದ ಗದ್ದೆಗೆ ಇಳಿದು ಚೆಂಡನ್ನು ಒದೆಯುವದನ್ನು ಕಾಣುತ್ತೇವೆ. ಇದು ಬರೀ ಕಾಲಹರಣವೆಂದು ಕೆಲವು ಹಿರಿಯರು ಗದರಿಸುತ್ತಾರೆ. ಹಿರಿಯರಿಗೆ ಆಟದ ಗಂಧವೇ ಇಲ್ಲವೆಂದು ಹುಡುಗರು ನಗುತ್ತಾರೆ. ಈ ಎರಡು ಪಕ್ಷದವರೂ ಒಂದೇ ಚಾಪೆಯ ಮೇಲೆ ಕೂತು ಓದಿಕೊಳ್ಳಬೇಕೆಂಬ ಅಪೇಕ್ಷೆಯಿಂದ ಈ ಪಾಠವನ್ನು ಬರೆದಿದ್ದೇವೆ.

ಆಟವನ್ನು ಅರಿಯದವರಿಗೆ ಇಷ್ಟು ತಿಳಿದರೆ ಸಾಕು. ಒಂದೊಂದು ಪಕ್ಷದಲ್ಲಿ 11 ಮಂದಿ. ಬೈಲಿನ ಎರಡು ತುದಿಗಳಲ್ಲಿ ಎರಡೆರಡು ಕಂಬಗಳು; ಅವುಗಳ ನಡುವೆ 24 ಅಡಿ ಅಗಲ, ಮೇಲಿನ ಅಡ್ಡಪಟ್ಟಿಗೆ ನೆಲದಿಂದ 8 ಅಡಿ ಎತ್ತರ. ಇದೇ ಗೋಲು. ಕೈಯಿಂದ ಮುಟ್ಟದೆ ಚೆಂಡನ್ನು ಎದುರಾಳಿಯ ಗೋಲಿನೊಳಗೆ ಸೇರಿಸಬೇಕು. ಗೋಲನ್ನು ಕಾಯುವವನೊಬ್ಬನಿಗೆ ಮಾತ್ರ ತನ್ನ ಗೆರೆಯೊಳಗೆ ಕೈ ಉಪಯೋಗಿಸುವ ಅಪ್ಪಣೆಯುಂಟು. ಆಟದ ವೇಳೆ 45 ನಿಮಿಷಗಳಂತೆ ಎರಡು ಸಾರಿ. ಪೂರ್ವದಲ್ಲಿ ಇಂಗ್ಲೆಂಡಿನ ಒಂದೊಂದು ಪಾಠಶಾಲೆಯು ತನ್ನ ತನ್ನ ಮನಸ್ಸಿಗೆ ಬಂದ ನಿಯಮದಂತೆ ಆಡುತ್ತಿದ್ದದರಿಂದ ಎರಡು ಶಾಲೆಯವರು ಕೂಡಿದರೆ ಆಟಕ್ಕಿಂತ ಜಗಳವೇ ಹೆಚ್ಚಾಗುತ್ತಿತ್ತು. 1863ನೇ ಇಸವಿ ಅಕ್ಟೋಬರ್ 26ರಂದು ಲಂಡನಿನ ಒಂದು ವಸತಿಗೃಹದಲ್ಲಿ ಹಲವು ತಂಡಗಳವರು ಕೂಡಿಬಂದು ಒಂದು ಸಂಘವನ್ನು ಸ್ಥಾಪಿಸಿದರು. ಅದೇ ವರುಷದ ಡಿಸೆಂಬರಿನಲ್ಲಿ ಎಲ್ಲರಿಗೂ ಒಂದೇ ನಿಯಮಾವಳಿಯನ್ನು ಒಪ್ಪಿಕೊಂಡರು. ಈ ಆಟವು ಲೋಕವೆಲ್ಲಾ ಹಬ್ಬಿದ್ದು ಅಲ್ಲಿಂದ.

ಆದರೆ ನಿಯಮವು ಹನ್ನೊಂದು ಜನರನ್ನು ಬೈಲಿಗೆ ಇಳಿಸಬಹುದೇ ಹೊರತು ಅವರನ್ನು ಒಂದಾಗಿ ಮಾಡಲಾರದು. ಹನ್ನೊಂದು ಮಂದಿ ಒಂದಾಗುವದು ಹೇಗೆ? ಅವರನ್ನು ಒಡೆಯುವಂಥವುಗಳು ಯಾವವು? ಇದೇ ಈ ಪಾಠದ ಪ್ರಶ್ನೆ. ಅಪೊಸ್ತಲನಾದ ಪೌಲನು ಸಭೆಯನ್ನು ಅನೇಕ ಅಂಗಗಳುಳ್ಳ ಒಂದು ದೇಹಕ್ಕೆ ಹೋಲಿಸಿದನೆಂದು ಬಲ್ಲವರಿಗೆ ಈ ಪ್ರಶ್ನೆಯು ಹೊಸದಲ್ಲ. ಕೆಳಗಿನ ಐದು ಕಥೆಗಳು ಕಲ್ಪಿತವಾದವುಗಳು. ಒಂದೊಂದು ಕಥೆಯ ಹಿಂದೆ ಕೊಟ್ಟಿರುವ ಚರಿತ್ರೆಯಾದರೋ ನಿಜವಾಗಿ ನಡೆದದ್ದು.

ಮೊದಲನೆಯ ಸಾಮ್ಯ: ತೊಗಲಿನ ತುಂಡುಗಳ ವಾದ

ತೊಗಲು ಹೊಲಿಯುವ ಒಬ್ಬ ಮುದುಕನು ಹದಿನೆಂಟು ತುಂಡುಗಳನ್ನು ಕೂಡಿಸಿ ಒಂದು ಚೆಂಡನ್ನು ಹೊಲಿದು, ಗಾಳಿ ತುಂಬಿಸಿ, ಗೂಡಿನಲ್ಲಿಟ್ಟು ಮಲಗಿದನು. ರಾತ್ರಿಯಲ್ಲಿ ತುಂಡುಗಳೊಳಗೆ ವಾದ ಹುಟ್ಟಿತು. ಒಂದು ತುಂಡು, ನಾನು ಜಾತ್ರೆಯಲ್ಲಿ ಬಹುಮಾನ ಹೊಂದಿದ ಎತ್ತಿನ ಬೆನ್ನಿನ ತೊಗಲು. ಆದದರಿಂದ ನಾನು ಯಾವಾಗಲೂ ಮೇಲಿರಬೇಕು ಅಂದಿತು. ಇನ್ನೊಂದು ತುಂಡು, ನಾನು ಗೌಡರ ಹಟ್ಟಿಯ ಆಕಳಿನದು. ನೆಲಕ್ಕೆ ತಾಗುವದು ನನ್ನಿಂದಾಗದು ಅಂದಿತು. ಮೂರನೆಯದು ಎಮ್ಮೆಯ ತೊಗಲು. ಅದನ್ನು ನೋಡಿ ಎಲ್ಲಾ ತುಂಡುಗಳೂ, ಕೆಸರಿನಲ್ಲಿ ಹೊರಳಿದವಳ ತೊಗಲು ನೀನು. ಕೆಳಗಿದ್ದು ನಮ್ಮನ್ನು ಹೊತ್ತುಕೋ ಅಂದವು. ಅದು ಮಾತಾಡಲಿಲ್ಲ. ಇವೆಲ್ಲವುಗಳನ್ನು ಸೇರಿಸಿದ ದಾರವು, ಬೆಳಗಾಗಲಿ, ಆಮೇಲೆ ನೋಡೋಣ ಅಂದಿತು.

ಬೆಳಗಾದ ಮೇಲೆ ಹುಡುಗರು ಬಂದು ಚೆಂಡನ್ನು ಬೈಲಿಗೆ ಒಯ್ದು ಒದ್ದರು. ಎತ್ತಿನ ತುಂಡು ಆಕಾಶವನ್ನು ನೋಡಿತು. ಉಸಿರು ಬಿಡುವಷ್ಟರಲ್ಲಿ ಮಣ್ಣಿಗೆ ಬಡಿಯಿತು. ಎಮ್ಮೆಯ ತುಂಡು ಮಣ್ಣಿಗೆ ಬಡಿಯಿತು. ಕೂಡಲೆ ಆಕಾಶಕ್ಕೆ ಏರಿತು. ಗೋಲು ಮುಟ್ಟುವದರೊಳಗೆ ಒಂದೊಂದು ತುಂಡು ನೂರು ಸಾರಿ ಮೇಲಾಯಿತು, ನೂರು ಸಾರಿ ಕೆಳಗಾಯಿತು. ಸಾಯಂಕಾಲ ಎಲ್ಲವುಗಳ ಮೇಲೆಯೂ ಒಂದೇ ಬಣ್ಣದ ಕೆಸರು. ಆಗ ದಾರವು, ಈಗ ಹೇಳಿರಿ, ಮೇಲಿನವರು ಯಾರು ಎಂದು ಕೇಳಿತು. ಬಹಳ ಹೊತ್ತು ಯಾರೂ ಉತ್ತರ ಕೊಡಲಿಲ್ಲ. ಕಡೆಗೆ ಎತ್ತಿನ ತುಂಡು ಹೇಳಿದ್ದೇನಂದರೆ, ನನ್ನ ಪಕ್ಕದಲ್ಲಿರುವ ಎಮ್ಮೆಯ ಹೊಲಿಗೆ ಬಿಗಿಯಾಗಿರಲಿ, ಅಷ್ಟೇ ಸಾಕು. ಅದು ಬಿಚ್ಚಿದರೆ ನನ್ನೊಳಗಿನ ಗಾಳಿಯೂ ಹೋಗುವದು.

ಇದಕ್ಕೆ ಸರಿಯಾದ ಚರಿತ್ರೆಯನ್ನು ಕೇಳಿರಿ. ಈಗಿನ ಚೆಂಡುಗಳು ಬಹುಮಟ್ಟಿಗೆ ಕೃತಕ ಪದಾರ್ಥದಿಂದಾದವು. ಆ ಕಾಲದಲ್ಲಿ ಚೆಂಡು ಅಂದರೆ ತೊಗಲೇ. 1891ರಲ್ಲಿ ಕಾಶ್ಮೀರದ ಶ್ರೀನಗರದ ಮಿಶನ್ ಶಾಲೆಯಲ್ಲಿ ಟಿಂಡೇಲ್ ಬಿಸ್ಕೋ ಎಂಬ ಮುಖ್ಯೋಪಾಧ್ಯಾಯರು ಒಂದು ಚೆಂಡನ್ನು ತರಿಸಿದರು. ಅಲ್ಲಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಬ್ರಾಹ್ಮಣ ಕುಲದವರು. ಇದು ತೊಗಲಿನದೆಂದು ಕೇಳಿ ತಿಳಿದುಕೊಂಡ ಕೂಡಲೆ, ಇದು ಅಶುದ್ಧವಾದದ್ದು, ನಾವು ಮುಟ್ಟುವದಿಲ್ಲವೆಂದು ಅವರು ಹಿಂದೆಗೆದರು. ಉಪಾಧ್ಯಾಯರು ಕೋಲು ಹಿಡಿದು ಸುತ್ತಲೂ ನಿಂತು ಅವರನ್ನು ಆಡಿಸಬೇಕಾಯಿತು. ಆಟದ ನಡುವೆ ಚೆಂಡು ಒಬ್ಬ ಹುಡುಗನ ಮುಖಕ್ಕೆ ಬಡಿದಾಗ ಅವನು ಮೈಲಿಗೆಯಾದೆನೆಂದು ಅತ್ತನು. ಅವನನ್ನು ಕಾಲುವೆಗೆ ಕರೆದುಕೊಂಡು ಹೋಗಿ ಮುಖ ತೊಳೆಯಿಸಿ ಮತ್ತೆ ಆಟಕ್ಕೆ ತಂದರು. ಕೋಲಿನ ಬಲವಂತವನ್ನು ನಾವು ಹೊಗಳುವದಿಲ್ಲ. ಆದರೆ ಕಾಲಕ್ರಮದಲ್ಲಿ ಆ ಶಾಲೆಯ ಹುಡುಗರು ಅದೇ ಚೆಂಡಿಗಾಗಿ ಓಡತೊಡಗಿದರೆಂಬದು ವಿಚಾರಿಸತಕ್ಕ ಸಂಗತಿ.

ಪ್ರಿಯರೇ, ನಮ್ಮಲ್ಲಿ ಕೆಲವರ ಅಜ್ಜಂದಿರು ತೊಗಲಿನ ಕೆಲಸದಿಂದ ಹೊಟ್ಟೆ ಹೊರೆದವರು. ಕೆಲವರ ಅಜ್ಜಂದಿರು ಆ ತೊಗಲನ್ನು ಮುಟ್ಟಿದವನ ನೆರಳಿಗೂ ಹೆದರಿದವರು. ಈಗ ಒಂದೇ ಮನೆಯಲ್ಲಿ ಕೂಡಿ ಕೂತಿದ್ದೇವೆ. ಒಳ್ಳೇದು. ಆದರೆ ಹೆಣ್ಣು ಕೊಡುವ ಮಾತು ಬಂದಾಗಲೂ, ಊಟದ ಪಂಕ್ತಿ ಹಾಕುವಾಗಲೂ, ಸಮಾಧಿಗೆ ಸ್ಥಳ ಗುರುತಿಸುವಾಗಲೂ ಹಳೇ ಗೆರೆಯನ್ನು ಬೆರಳಿನಿಂದ ಮೆಲ್ಲಗೆ ಮತ್ತೆ ಎಳೆಯುತ್ತೇವೋ ಎಂಬದನ್ನು ಒಬ್ಬೊಬ್ಬನು ತನ್ನಲ್ಲಿಯೇ ಕೇಳಿಕೊಳ್ಳಲಿ. ಉರುಳುವ ಚೆಂಡಿನಲ್ಲಿ ಮೇಲೆಂಬದೂ ಇಲ್ಲ, ಕೆಳಗೆಂಬದೂ ಇಲ್ಲ; ಹೊಲಿಗೆ ಮಾತ್ರ ಉಂಟು.

ಎರಡನೆಯ ಸಾಮ್ಯ: ಬೂಟೂ ಬರಿಗಾಲೂ

ಒಂದು ತಂಡದಲ್ಲಿ ಹತ್ತು ಮಂದಿ ಬರಿಗಾಲಿನವರು. ಒಬ್ಬನಿಗೆ ಮಾತ್ರ ಪಟ್ಟಣದಲ್ಲಿದ್ದ ಸೋದರಮಾವನು ಬೂಟು ಕೊಡಿಸಿದ್ದನು. ಆಟಕ್ಕೆ ಮುಂಚೆ ಎಲ್ಲರೂ ಮರದ ಕೆಳಗೆ ಕೂತಿರಲಾಗಿ ಬೂಟು ಪಕ್ಕದ ಬರಿಗಾಲನ್ನು ನೋಡಿ, ಎಲೈ ಬಿರುಕುಬಿಟ್ಟ ಹಿಮ್ಮಡಿಯೇ, ಮಳೆ ಬಂದರೆ ನೀನು ಜಾರಿ ಬೀಳುವಿ. ನನ್ನ ಅಡಿಯ ಗುಬುಟುಗಳಾದರೋ ನೆಲವನ್ನು ಹಿಡಿದುಕೊಳ್ಳುವವು ಅಂದಿತು. ಬರಿಗಾಲು ಸಿಟ್ಟಿನಿಂದ, ನೀನು ಅಂಗಡಿಯಲ್ಲಿ ಹುಟ್ಟಿದವನು. ನಾನು ಮುಳ್ಳಿನಲ್ಲಿ ಬೆಳೆದವನು. ಒಣನೆಲದಲ್ಲಿ ನಾನು ಜಿಂಕೆ, ನೀನು ಗಾಣದ ಎತ್ತು ಎಂದು ಉತ್ತರ ಕೊಟ್ಟಿತು. ವಾದವು ತೀರದೆ ಇದ್ದದರಿಂದ ಎರಡೂ ಚೆಂಡಿನ ಬಳಿಗೆ ಹೋಗಿ, ನಮ್ಮಿಬ್ಬರೊಳಗೆ ಯಾರು ದೊಡ್ಡವರೆಂದು ನ್ಯಾಯ ಹೇಳು ಅಂದವು. ಚೆಂಡು ಹೇಳಿದ್ದೇನಂದರೆ, ನನ್ನನ್ನು ಒದ್ದದ್ದು ಬೂಟೋ ಬರಿಗಾಲೋ ಎಂದು ನಾನು ಕೇಳುವವನಲ್ಲ. ಯಾವ ಕಡೆಗೆ ಒದ್ದಿ ಎಂದು ಮಾತ್ರ ಕೇಳುತ್ತೇನೆ.

1911ನೇ ಇಸವಿ ಜುಲಾಯಿ 29ರಂದು ಕಲ್ಕತ್ತೆಯಲ್ಲಿ ಐ. ಎಫ್. ಎ. ಶೀಲ್ಡಿನ ಕೊನೆಯ ಪಂದ್ಯವು ನಡೆಯಿತು. ಒಂದು ಪಕ್ಷದಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಬ್ರಿಟಿಷ್ ಸಿಪಾಯಿಗಳು, ಎಲ್ಲರೂ ಬೂಟು ತೊಟ್ಟವರು. ಇನ್ನೊಂದು ಪಕ್ಷದಲ್ಲಿ ಮೋಹನ್ ಬಗಾನ್ ಎಂಬ ಬಂಗಾಳಿಗಳ ತಂಡ. ಅದರಲ್ಲಿ ಹತ್ತು ಮಂದಿ ಬರಿಗಾಲಿನವರು. ಸಿಪಾಯಿಗಳೇ ಮೊದಲು ಗೋಲು ಹೊಡೆದರು. ಆಮೇಲೆ ತಂಡದ ನಾಯಕರಾದ ಶಿವದಾಸ ಭಾದುರಿಯವರು ಒಂದನ್ನೂ ಅಭಿಲಾಷ ಘೋಷರವರು ಒಂದನ್ನೂ ಹೊಡೆದದರಿಂದ ಮೋಹನ್ ಬಗಾನ್ ತಂಡವು ಎರಡಕ್ಕೆ ಒಂದರಂತೆ ಗೆದ್ದಿತು. ಆ ಶೀಲ್ಡನ್ನು ಗೆದ್ದ ಭಾರತೀಯ ತಂಡಗಳಲ್ಲಿ ಇದೇ ಮೊದಲನೆಯದು. ಬರಿಗಾಲು ಬೂಟನ್ನು ಸೋಲಿಸಿತೆಂದು ಜನರು ಈ ಕಥೆಯನ್ನು ಹೇಳುವದುಂಟು. ಆದರೆ ಅವರು ಮರೆಯುವ ಒಂದು ಸಂಗತಿಯುಂಟು. ಆ ತಂಡದ ಹನ್ನೊಂದನೆಯವರು ಸುಧೀರ ಚಟರ್ಜಿ ಎಂಬ ಕ್ರೈಸ್ತರು; ಇವರು ಮುಂದೆ ಬೋಧಕರಾದರು. ಅವರೊಬ್ಬರು ಮಾತ್ರ ಬೂಟು ತೊಟ್ಟು ಆಡಿದರು. ಹತ್ತು ಮಂದಿ ಒಬ್ಬರ ಕಾಲುಗಳನ್ನು ನೋಡಿ ನೀನು ಪರರವನೆಂದು ತಳ್ಳಿಬಿಡಲಿಲ್ಲ. ಒಬ್ಬರು ಹತ್ತು ಮಂದಿಯ ಕಾಲುಗಳನ್ನು ನೋಡಿ ನಾನು ನಾಗರಿಕನೆಂದು ಪ್ರತ್ಯೇಕವಾಗಲಿಲ್ಲ. ಗೋಲನ್ನು ಕಾಯುವದರಲ್ಲಿಯೂ ಮುಂದೆ ನುಗ್ಗುವದರಲ್ಲಿಯೂ ಎಲ್ಲರದೂ ಒಂದೇ ಕಡೆ.

ನಮ್ಮಲ್ಲಿಯೂ ಬೂಟುಗಳುಂಟು, ಬರಿಗಾಲುಗಳುಂಟು. ಒಬ್ಬನಿಗೆ ಓದು ಬರುವದು, ಒಬ್ಬನಿಗೆ ಬಾರದು. ಒಬ್ಬಳ ಮಗನು ಪಟ್ಟಣದಲ್ಲಿ ಸಂಬಳದವನು, ಒಬ್ಬಳ ಮಗನು ಕೂಲಿಯವನು. ಓದಿದವನು ಓದದವನನ್ನು ತಾತ್ಸಾರ ಮಾಡುವದು ಪಾಪವೆಂದು ಎಲ್ಲರೂ ಒಪ್ಪುವರು. ಓದದವನು ಓದಿದವನ ಮೇಲೆ ಹೊಟ್ಟೇಕಿಚ್ಚುಪಟ್ಟು, ಇವನು ನಮ್ಮವನಲ್ಲವೆಂದು ಹಿಂದಿನಿಂದ ಆಡಿಕೊಳ್ಳುವದೂ ಅದೇ ಪಾಪದ ಇನ್ನೊಂದು ಮುಖವಾಗಿದೆ.

ಮೂರನೆಯ ಸಾಮ್ಯ: ಪೆಟ್ಟಿಗೆಯಲ್ಲಿಟ್ಟ ಚೆಂಡು

ಒಂದು ಊರಿನಲ್ಲಿ ಒಂದೇ ಚೆಂಡು ಇತ್ತು. ಅದು ಅಂಗಡಿಯವನ ಮಗನದು. ಚೆಂಡು ನನ್ನದಾದದರಿಂದ ಗೋಲುಗಳನ್ನೆಲ್ಲಾ ನಾನೇ ಹೊಡೆಯಬೇಕೆಂದು ಅವನು ಹೇಳುತ್ತಿದ್ದನು. ಒಂದು ದಿನ ಕುರಿ ಕಾಯುವ ಹುಡುಗನೊಬ್ಬನು ಅವನ ಮುಂದೆಯೇ ಎರಡು ಗೋಲು ಹೊಡೆದನು. ಅಂಗಡಿಯವನ ಮಗನು ಮುಖ ಊದಿಸಿಕೊಂಡು ಚೆಂಡನ್ನು ಕಂಕುಳಲ್ಲಿ ಇರುಕಿ ಮನೆಗೆ ಹೋಗಿ, ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದನು.

ಮಳೆಗಾಲವೆಲ್ಲಾ ಕಳೆಯಿತು. ಒಂದು ಸಾಯಂಕಾಲ ಹೊರಗೆ ಗದ್ದಲ ಕೇಳಿ ಅವನು ಕಿಟಿಕಿಯಿಂದ ನೋಡುವಾಗ, ಹುಡುಗರೆಲ್ಲರೂ ಹಳೇ ಚಿಂದಿಯನ್ನು ಹಗ್ಗದಿಂದ ಸುತ್ತಿ ಚೆಂಡು ಮಾಡಿಕೊಂಡು ಆಡುತ್ತಿದ್ದರು. ನನ್ನ ಚೆಂಡು ಇದಕ್ಕಿಂತ ಉತ್ತಮವಲ್ಲವೋ ಅಂದುಕೊಂಡು ಅವನು ಪೆಟ್ಟಿಗೆಯನ್ನು ತೆರೆದನು. ತೊಗಲು ಬೂಷ್ಟು ಹಿಡಿದು ಮುದುರಿಕೊಂಡಿತ್ತು, ಗಾಳಿಯೆಲ್ಲಾ ಹೋಗಿತ್ತು, ಒಂದು ಕಡೆಯಲ್ಲಿ ಇಲಿ ಕಡಿದಿತ್ತು. ಹುಡುಗನು ಅಳುತ್ತಾ, ಯಾರೂ ನಿನ್ನನ್ನು ಒದೆಯಲಿಲ್ಲವಲ್ಲಾ, ಹೇಗೆ ಸತ್ತಿ ಎಂದು ಕೇಳಿದನು. ಚೆಂಡು ಹೇಳಿದ್ದೇನಂದರೆ, ಒದೆತದಿಂದ ನಾನು ಸಾಯುವದಿಲ್ಲ, ಒದೆಯದೆ ಇಟ್ಟರೆ ಸಾಯುತ್ತೇನೆ. ಒಬ್ಬನ ಕಾಲಿನಿಂದ ಮತ್ತೊಬ್ಬನ ಕಾಲಿಗೆ ಹೋಗುತ್ತಿರುವ ತನಕ ನಾನು ಚೆಂಡು. ಪೆಟ್ಟಿಗೆಯಲ್ಲಿ ನಾನು ಬರೀ ತೊಗಲು.

ಈ ಪಾಠವನ್ನು ಕಲಿಯುವದಕ್ಕೆ ಆಟಗಾರರಿಗೂ ಬಹಳ ಕಾಲ ಹಿಡಿಯಿತು. ಮೊದಲಿನ ಆಂಗ್ಲ ಆಟಗಾರರು ಚೆಂಡು ಸಿಕ್ಕಿದವನು ಒಬ್ಬನೇ ಅದನ್ನು ನಡಿಸಿಕೊಂಡು ಹೋಗಿ, ಬೀಳುವ ವರೆಗೂ ಬಿಡದಿರುವದೇ ಶೌರ್ಯವೆಂದು ಎಣಿಸುತ್ತಿದ್ದರು. 1872ನೇ ಇಸವಿ ನವೆಂಬರ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದ ಬಳಿಯ ಪಾರ್ಟಿಕ್ ಎಂಬಲ್ಲಿ ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ಪಂದ್ಯ ನಡೆಯಿತು. ಎರಡು ದೇಶಗಳ ನಡುವೆ ಅಧಿಕೃತವಾಗಿ ನಡೆದ ಪಂದ್ಯಗಳಲ್ಲಿ ಇದು ಮೊದಲನೆಯದು. ಇಂಗ್ಲೆಂಡಿನವರು ದೇಹದಲ್ಲಿ ಭಾರವುಳ್ಳವರು. ಸ್ಕಾಟರು ಹಗುರಾದವರು, ಆದರೆ ಹನ್ನೊಂದು ಮಂದಿಯೂ ಕ್ವೀನ್ಸ್ ಪಾರ್ಕ್ ಎಂಬ ಒಂದೇ ಸಂಘದವರಾಗಿ, ಒಬ್ಬರನ್ನೊಬ್ಬರು ಬಲ್ಲವರಾಗಿ, ಕೂಡಿ ಆಡುವದನ್ನು ಅಭ್ಯಾಸ ಮಾಡಿದವರು. ಆ ದಿನ ಯಾರೂ ಗೋಲು ಹೊಡೆಯಲಿಲ್ಲ. ಬಲಿಷ್ಠರು ಗೆಲ್ಲಲಿಲ್ಲ, ಹಗುರಾದವರು ಸೋಲಲಿಲ್ಲ. ಚೆಂಡನ್ನು ಒಬ್ಬರಿಗೊಬ್ಬರು ಕೊಡುತ್ತಾ ಆಡುವ ಸ್ಕಾಟರ ಈ ಕ್ರಮವನ್ನು ಮುಂದಿನ ವರುಷಗಳಲ್ಲಿ ಎಲ್ಲರೂ ಕಲಿತುಕೊಂಡರು. ಕೊಡಬಲ್ಲ ಹನ್ನೊಂದು ಮಂದಿಯ ಮುಂದೆ ಕೊಡಲಾರದ ವೀರನೊಬ್ಬನು ನಿಲ್ಲಲಾರನು.

ಪೆಟ್ಟಿಗೆಯಲ್ಲಿರುವ ನಮ್ಮ ಚೆಂಡು ಯಾವದು? ಸಂಘದ ಲೆಕ್ಕದ ಪುಸ್ತಕವನ್ನು ವರುಷಗಟ್ಟಳೆ ಒಬ್ಬನೇ ಇಟ್ಟುಕೊಂಡು ಇನ್ನೊಬ್ಬನಿಗೆ ತೋರಿಸದಿರುವದುಂಟು. ರಾಗ ಬಲ್ಲವನು ಚಿಕ್ಕವರಿಗೆ ಕಲಿಸದೆ, ನಾನಿಲ್ಲದಿದ್ದರೆ ಹಾಡೇ ಇಲ್ಲವೆಂದು ಸಂತೋಷಪಡುವದುಂಟು. ಔಷಧದ ಬೇರನ್ನು ಬಲ್ಲ ಅಜ್ಜಿಯು ಅದನ್ನು ಸೊಸೆಗೆ ಹೇಳದೆ ಮಣ್ಣಿಗೆ ಒಯ್ಯುವದುಂಟು. ಇವರು ತಮ್ಮದನ್ನು ಕಾಪಾಡಿಕೊಂಡೆವೆಂದು ನೆನಸುತ್ತಾರೆ. ಬೂಷ್ಟು ಹಿಡಿದ ಮೇಲೆ ಗೊತ್ತಾಗುವದು.

ನಾಲ್ಕನೆಯ ಸಾಮ್ಯ: ಸರಿಸಿದ ಕಂಬ

ಮೇಲಿನೂರಿನವರಿಗೂ ಕೆಳಗಿನೂರಿನವರಿಗೂ ಪಂದ್ಯ ಗೊತ್ತಾಗಿತ್ತು. ಬೈಲು ಮೇಲಿನೂರಿನದು. ಹಿಂದಿನ ರಾತ್ರಿ ಮೇಲಿನೂರಿನ ಇಬ್ಬರು ಗುದ್ದಲಿ ಹಿಡಿದು ಬಂದು, ತಾವು ಕಾಯಬೇಕಾದ ಗೋಲಿನ ಒಂದು ಕಂಬವನ್ನು ಕಿತ್ತು, ಒಂದು ಮೊಳ ಒಳಗೆ ನೆಟ್ಟು, ಹಳೇ ಕುಳಿಯ ಮೇಲೆ ಹುಲ್ಲು ಹಾಸಿದರು. ಮರುದಿನ ಕೆಳಗಿನೂರಿನವರು ಒದ್ದ ಎರಡು ಒಳ್ಳೇ ಚೆಂಡುಗಳು ಆ ಕಂಬಕ್ಕೆ ಬಡಿದು ಹಿಂದಕ್ಕೆ ಬಂದವು. ಆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು.

ಆಟವು ಅರ್ಧವಾಯಿತು. ರೆಫರಿಯು ಸಿಳ್ಳು ಊದಿ, ಬದಿ ಬದಲಾಯಿಸಿರಿ ಅಂದನು. ಸಂತೋಷದಲ್ಲಿ ಇದನ್ನು ಅವರು ಮರೆತೇ ಬಿಟ್ಟಿದ್ದರು! ಈಗ ಕಿರಿದಾದ ಗೋಲು ಕೆಳಗಿನೂರಿನವರದಾಯಿತು. ಕಡೆಯ ನಿಮಿಷದಲ್ಲಿ ಮೇಲಿನೂರಿನ ಹುಡುಗನೊಬ್ಬನು ಬಲವಾಗಿ ಒದ್ದನು. ಚೆಂಡು ಸರಿಯಾಗಿ ಆ ಕಂಬಕ್ಕೆ ತಾಗಿ ಸಿಡಿಯಿತು. ಕೆಳಗಿನೂರಿನವರು ಅದನ್ನು ಹಿಡಿದು ಓಡಿ ಇನ್ನೊಂದು ತುದಿಯಲ್ಲಿ ಗೋಲು ಹೊಡೆದು ಗೆದ್ದರು. ಹುಡುಗನು ಅಳುತ್ತಾ, ಅಪ್ಪಾ, ನಾನು ಸರಿಯಾಗಿಯೇ ಗುರಿಯಿಟ್ಟೆನಲ್ಲಾ ಅಂದನು. ಅಪ್ಪನು ಮಾತಾಡಲಿಲ್ಲ, ಅವನ ಉಗುರುಗಳಲ್ಲಿ ಇನ್ನೂ ರಾತ್ರಿಯ ಮಣ್ಣಿತ್ತು. ಕಂಬವು ತನ್ನೊಳಗೆ, ನನ್ನನ್ನು ನೆಟ್ಟವರು ಪರರಿಗಾಗಿ ನೆಟ್ಟೆವೆಂದು ತಿಳಿದರು. ಕಂಬಕ್ಕೆ ನಮ್ಮವರೂ ಪರರೂ ಎಂಬ ಭೇದವಿಲ್ಲ ಅಂದುಕೊಂಡಿತು.

1863ರ ಮೊದಲನೆಯ ನಿಯಮಗಳಲ್ಲಿ ಒಂದೊಂದು ಗೋಲಾದ ಮೇಲೆಯೂ ಬದಿ ಬದಲಾಯಿಸಬೇಕೆಂದಿತ್ತು. ಈಗ ಅರ್ಧವೇಳೆಯಲ್ಲಿ ಬದಲಾಯಿಸುತ್ತಾರೆ. ಗಾಳಿಯೂ ಬಿಸಿಲೂ ಇಳಿಜಾರೂ ಇಬ್ಬರಿಗೂ ಸಮವಾಗಿ ಬರಲೆಂದೇ ಈ ನಿಯಮ. ಇನ್ನೊಂದು ನಿಯಮದ ಹುಟ್ಟನ್ನೂ ಕೇಳಿರಿ. ಪೂರ್ವದಲ್ಲಿ ಗೋಲಿನ ಹತ್ತಿರ ಬಂದವನನ್ನು ಬೇಕೆಂದು ಬೀಳಿಸಿದರೂ ತಕ್ಕ ಶಿಕ್ಷೆ ಇರಲಿಲ್ಲ. ಆದದರಿಂದ ಬೀಳಿಸುವದೇ ಕೆಲವರಿಗೆ ಲಾಭವಾಗಿತ್ತು. ಐರ್ಲೆಂಡಿನ ಅರ್ಮಾ ಸೀಮೆಯ ಮಿಲ್‌ಫರ್ಡ್ ಎಂಬ ಗ್ರಾಮದ ವಿಲಿಯಮ್ ಮೆಕ್ರಮ್ ಎಂಬವರು ಇದನ್ನು ಸಹಿಸದೆ, ಅಂಥಾ ತಪ್ಪಿಗೆ ಬದಲಾಗಿ ಗೋಲು ಕಾಯುವವನೊಬ್ಬನ ಎದುರಿನಲ್ಲಿಯೇ ಚೆಂಡನ್ನು ಒದೆಯುವ ಅವಕಾಶವಿರಬೇಕೆಂದು 1890ರಲ್ಲಿ ಸೂಚಿಸಿದರು. ಸಂಭಾವಿತರು ಬೇಕೆಂದು ಮೋಸಮಾಡುವದುಂಟೋ ಎಂದು ಹಲವರು ಆಕ್ಷೇಪಿಸಿದರು. ಆದಾಗ್ಯೂ 1891ನೇ ಇಸವಿ ಜೂನ್ 2ರಂದು ಅದು ನಿಯಮವಾಯಿತು; ಪೆನಾಲ್ಟಿ ಎಂಬದು ಅದೇ. ಇದರಲ್ಲಿ ವಿಶೇಷವೇನಂದರೆ, ಮೆಕ್ರಮ್‌ರವರು ತಾವೇ ಗೋಲು ಕಾಯುವವರಾಗಿದ್ದರು. ತನಗೇ ಕಷ್ಟವನ್ನು ತರುವ ನಿಯಮವನ್ನು ನ್ಯಾಯಕ್ಕೋಸ್ಕರ ತಾನೇ ಕೇಳಿಕೊಂಡ ಮನುಷ್ಯನು ಅಪರೂಪ.

ಜೀವಮಾನದಲ್ಲಿಯೂ ಅರ್ಧವೇಳೆಯ ಸಿಳ್ಳು ಉಂಟು. ನೆರೆಯವನ ಎಲ್ಲೆಕಲ್ಲನ್ನು ಸರಿಸಿದವನು ತನ್ನ ಮಕ್ಕಳಿಗೆ ಎಲ್ಲೆಕಲ್ಲು ಸರಿಸುವದನ್ನು ಕಲಿಸಿದ್ದಾನೆ. ಪಂಚಾಯಿತಿಯಲ್ಲಿ ಇಂದು ನ್ಯಾಯ ಹೇಳುವವನು ನಾಳೆ ನ್ಯಾಯ ಕೇಳುವವನಾಗಿ ನಿಲ್ಲುವನು. ಸೊಸೆಗೆ ಒಂದು ಅಳತೆ, ಮಗಳಿಗೆ ಒಂದು ಅಳತೆ ಇಟ್ಟುಕೊಂಡ ತಾಯಿಯು, ತನ್ನ ಮಗಳೂ ಮತ್ತೊಂದು ಮನೆಗೆ ಸೊಸೆಯಾಗಿ ಹೋದ ದಿವಸ, ಬದಿ ಬದಲಾಯಿತೆಂದು ತಿಳಿಯುವಳು.

ಐದನೆಯ ಸಾಮ್ಯ: ಗುರಿ ತಪ್ಪಿದ ಹುಡುಗ

ಒಂದು ತಂಡದ ಹುಡುಗನೊಬ್ಬನಿಗೆ ಕಡೆಯ ನಿಮಿಷದಲ್ಲಿ ಪೆನಾಲ್ಟಿ ಒದೆಯುವ ಕೆಲಸ ಬಂತು. ಊರೆಲ್ಲಾ ನೋಡುತ್ತಿರಲಾಗಿ ಅವನ ಚೆಂಡು ಅಡ್ಡಪಟ್ಟಿಯ ಮೇಲಿನಿಂದ ಹಾರಿಹೋಯಿತು, ತಂಡವು ಸೋತಿತು. ಅವನು ಯಾರಿಗೂ ಮುಖ ತೋರಿಸದೆ ಕೊಟ್ಟಿಗೆಯಲ್ಲಿ ಹುಲ್ಲಿನ ಮರೆಗೆ ಅಡಗಿಕೊಂಡನು. ಮುಂದಿನ ವಾರ ಇನ್ನೊಂದು ಪಂದ್ಯವಿತ್ತು. ಅವನು ಬರಲಿಲ್ಲ. ತಾನಾಗಿ ಬರಲಿ ಎಂದು ಕೆಲವರು ಅಂದರು. ಅವನು ಬಾರದಿರುವದೇ ಒಳ್ಳೇದೆಂದು ಕೆಲವರು ಅಂದರು. ಹತ್ತೇ ಮಂದಿ ಆಡಿ ನಾಲ್ಕು ಗೋಲುಗಳಿಂದ ಸೋತರು. ಯಾಕಂದರೆ ಅವನು ನಿಲ್ಲುತ್ತಿದ್ದ ಎಡಗಡೆಯು ಬಾಗಿಲಿಲ್ಲದ ಮನೆಯ ಹಾಗೆ ತೆರೆದಿತ್ತು.

ಆ ರಾತ್ರಿ ಗೋಲು ಕಾಯುವವನು ಲಾಂದ್ರ ಹಿಡಿದು ಕೊಟ್ಟಿಗೆಗೆ ಹೋಗಿ ಅವನ ಪಕ್ಕದಲ್ಲಿ ಕೂತು ಹೇಳಿದ್ದೇನಂದರೆ: ತಮ್ಮಾ, ನಿನ್ನ ಗುರಿ ತಪ್ಪಿದದರಿಂದ ನಮಗೆ ಒಂದು ಗೋಲು ಹೋಯಿತು. ನಿನ್ನ ನಾಚಿಕೆಯಿಂದ ನಮಗೆ ಒಂದು ಸ್ಥಳವೇ ಹೋಯಿತು. ಒಂದು ಗೋಲನ್ನು ತಿರಿಗಿ ಹೊಡೆಯಬಹುದು. ನಿನ್ನ ಸ್ಥಳದಲ್ಲಿ ನಿಲ್ಲುವವರು ಯಾರು? ಹುಡುಗನು, ಅವರೆಲ್ಲರೂ ನಗುವರಣ್ಣಾ ಅಂದನು. ಅವನು, ಇಂದು ನಾಲ್ಕು ಗೋಲುಗಳನ್ನು ಒಳಗೆ ಬಿಟ್ಟವನು ನಾನು. ಮೊದಲು ನನ್ನನ್ನು ನಗಲಿ, ಆಮೇಲೆ ನಿನ್ನ ಸರದಿ, ಏಳು ಅಂದನು. ಇಬ್ಬರೂ ನಗುತ್ತಾ ಹೊರಗೆ ಬಂದರು.

1948ರಲ್ಲಿ ಲಂಡನಿನ ಒಲಿಂಪಿಕ್ ಪಂದ್ಯಗಳಿಗೆ ಸ್ವತಂತ್ರ ಭಾರತದ ತಂಡವು ಹೋಯಿತು. ಅದರ ನಾಯಕರು ನಾಗಾ ನಾಡಿನ ತಾಲಿಮೆರೆನ್ ಆವೊ, ಒಬ್ಬ ಸಭಾಪಾಲಕರ ಮಗ. ನಮ್ಮ ಬೆಂಗಳೂರಿನ ಅಹ್ಮದ್ ಖಾನರೂ ಆ ತಂಡದಲ್ಲಿದ್ದರು. ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು. ಜುಲಾಯಿ 31ರಂದು ಫ್ರಾನ್ಸಿನವರ ಎದುರಿನಲ್ಲಿ ಸಾರಂಗಪಾಣಿ ರಾಮನ್ ಎಂಬವರು ಒಂದು ಗೋಲು ಹೊಡೆದರು. ಆದರೆ ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಭಾರತವು ಎರಡಕ್ಕೆ ಒಂದರಂತೆ ಸೋತಿತು. ಆ ಎರಡರೊಳಗೆ ಒಂದನ್ನು ಒದ್ದವರು ಶೈಲೇನ್ ಮನ್ನಾ. ಅಷ್ಟು ದೂರ ಹೋಗಿ, ದೇಶವೆಲ್ಲಾ ಕಿವಿಗೊಟ್ಟಿರುವಾಗ ಗುರಿ ತಪ್ಪಿದವನ ಮನಸ್ಸು ಹೇಗಿದ್ದೀತು? ಆದರೆ ಯಾರೂ ಅವರನ್ನು ಕೊಟ್ಟಿಗೆಯಲ್ಲಿ ಬಿಡಲಿಲ್ಲ. 1951ರಲ್ಲಿ ಹೊಸ ದಿಲ್ಲಿಯಲ್ಲಿ ಏಷ್ಯಾ ಖಂಡದ ಕ್ರೀಡೆಗಳು ಮೊದಲನೆಯ ಸಾರಿ ನಡೆದಾಗ ಭಾರತ ತಂಡದ ನಾಯಕರಾಗಿ ನಿಂತವರು ಅದೇ ಮನ್ನಾರವರು. ಕೊನೆಯ ಪಂದ್ಯದಲ್ಲಿ ಇರಾನಿನವರನ್ನು ಒಂದು ಗೋಲಿನಿಂದ ಸೋಲಿಸಿ ಅವರ ತಂಡವು ಬಂಗಾರದ ಪದಕವನ್ನು ಹೊಂದಿತು. ಮೂರು ವರುಷಗಳ ಹಿಂದೆ ತಪ್ಪಿದ ಕಾಲಿಗೆ ಈಗ ಮುಂದಾಳುತನವು ದೊರೆಯಿತು.

ಈ ಸಾಮ್ಯದಲ್ಲಿ ತಪ್ಪು ಎರಡು ಕಡೆಯಲ್ಲಿಯೂ ಇದೆ. ಹುಡುಗನು ತನ್ನ ಸ್ಥಳವನ್ನು ಬಿಟ್ಟನು. ಹತ್ತು ಮಂದಿ ಅವನನ್ನು ಕರೆಯುವದಕ್ಕೆ ಹೋಗಲಿಲ್ಲ. ನಮ್ಮ ಸಭೆಗಳಲ್ಲಿ ಒಬ್ಬನು ಕುಡಿತಕ್ಕೆ ಬಿದ್ದನು, ಒಬ್ಬನು ಸಾಲ ತೀರಿಸಲಾರದೆ ಮಾತು ತಪ್ಪಿದನು, ಒಬ್ಬಳ ಮಗಳು ಹೆತ್ತವರಿಗೆ ಹೇಳದೆ ಹೊರಟುಹೋದಳು ಎಂದು ಕೇಳುತ್ತೇವೆ. ಅಂಥವರು ಮೊದಲು ಹಿಂದಿನ ಸಾಲಿನಲ್ಲಿ ಕೂತುಕೊಳ್ಳುವರು, ಆಮೇಲೆ ಬಾಗಿಲಲ್ಲಿ ನಿಲ್ಲುವರು, ಆಮೇಲೆ ಬರುವದಿಲ್ಲ. ತಾವಾಗಿ ಬರಲಿ ಅನ್ನುತ್ತೇವೆ. ತಾನಾಗಿ ಬರುವಷ್ಟು ಬಲವಿದ್ದವನು ಕೊಟ್ಟಿಗೆಯಲ್ಲಿ ಅಡಗುತ್ತಿದ್ದನೋ? ಲಾಂದ್ರ ಹಿಡಿದು ಹೋಗುವವನು ಬೇಕು. ತಾನೂ ಗೋಲು ಬಿಟ್ಟವನೆಂದು ಬಲ್ಲವನೇ ಆ ಕೆಲಸಕ್ಕೆ ಯೋಗ್ಯನು.

ಪಾಠದ ಸಾರಾಂಶ

ಹನ್ನೊಂದು ಮಂದಿಯನ್ನು ಒಡೆಯುವಂಥವು ಐದು: ಮೇಲುಕೀಳೆಂಬ ಭಾವ, ಇದ್ದವನಿಗೂ ಇಲ್ಲದವನಿಗೂ ನಡುವಿನ ತಾತ್ಸಾರವೂ ಹೊಟ್ಟೇಕಿಚ್ಚೂ, ಕೊಡದೆ ಇಟ್ಟುಕೊಳ್ಳುವ ಮನಸ್ಸು, ಎರಡು ಅಳತೆಯ ನ್ಯಾಯ, ಬಿದ್ದವನನ್ನು ಬಿಟ್ಟುಬಿಡುವದು. ಎದುರಾಳಿಯ ಬಲದಿಂದ ಸೋತ ತಂಡವು ಮರುದಿನ ತಿರಿಗಿ ಆಡಬಲ್ಲದು. ಈ ಐದರಿಂದ ಸೋತ ತಂಡಕ್ಕೆ ಎದುರಾಳಿಯೇ ಬೇಡ.

ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ಮೊದಲನೆಯ ಸಾಮ್ಯದಲ್ಲಿ ಎಮ್ಮೆಯ ತುಂಡು ಯಾಕೆ ಮಾತಾಡಲಿಲ್ಲ? ನಮ್ಮ ಕೂಟಗಳಲ್ಲಿ ಮಾತಾಡದೆ ಕೂತಿರುವವರು ಯಾರು?

2. ಬೂಟು ತೊಟ್ಟ ಒಬ್ಬನು ಬರಿಗಾಲಿನ ಹತ್ತು ಮಂದಿಯೊಂದಿಗೆ ಆಡುವದರಲ್ಲಿ ಯಾರಿಗೆ ಹೆಚ್ಚು ತಾಳ್ಮೆ ಬೇಕು?

3. ನಮ್ಮ ಪೆಟ್ಟಿಗೆಯಲ್ಲಿರುವ ಚೆಂಡು ಯಾವದು? ಅದನ್ನು ಯಾರಿಗೆ ಕೊಡಬೇಕು?

4. ತನಗೆ ಕಷ್ಟವಾದರೂ ನ್ಯಾಯವೆಂದು ನಾವು ಒಪ್ಪಿಕೊಂಡ ನಿಯಮ ಒಂದಾದರೂ ಉಂಟೋ?

5. ಕೊಟ್ಟಿಗೆಗೆ ಹೋದವನು ಗೋಲು ಕಾಯುವವನೇ ಯಾಕಾಗಿರಬೇಕು?

ಈ ಐದು ಪ್ರಶ್ನೆಗಳನ್ನು ಒಂದೇ ದಿನದಲ್ಲಿ ಮುಗಿಸಬೇಡಿರಿ. ವಾರಕ್ಕೆ ಒಂದರಂತೆ ತೆಗೆದುಕೊಳ್ಳಿರಿ. ಓದಬಲ್ಲ ಹುಡುಗರು ಕಥೆಯನ್ನು ಗಟ್ಟಿಯಾಗಿ ಓದಲಿ. ಹಿರಿಯರು ಉತ್ತರವನ್ನು ಮೊದಲು ಹೇಳದೆ ಕೇಳಲಿ. ಐದನೆಯ ವಾರದ ಪಾಠವಾದ ಮೇಲೆ, ಬಹು ದಿವಸಗಳಿಂದ ಬಾರದೆ ಇರುವವನ ಮನೆಗೆ ಇಬ್ಬರು ಹೋಗಿ ಕದ ತಟ್ಟಲಿ. ಬರಿಗೈಯಲ್ಲಿ ಹೋದರೂ ಚಿಂತೆಯಿಲ್ಲ. ಕತ್ತಲಾಗಿದ್ದರೆ ಲಾಂದ್ರವಿರಲಿ.